ಸುಸ್ಥಿತಿಯಲ್ಲಿದ್ದ ಸ್ಟೆನ್‌ಗನ್

ನಾನು ಅದನ್ನು ಕಣ್ಣಾರೆ ನೋಡಲಿಲ್ಲ, ಕೇಳಿದೆ. ಇದನ್ನು ಮೊದಲಿಗೇ ಹೇಳಿಬಿಡುತ್ತೇನೆ. ವಿಚಾರಣೆಯಲ್ಲೂ ಇದನ್ನೇ ಹೇಳಿದ್ದೆ. ಆಗ ಎದುರಿಗಿದ್ದವರು ನಕ್ಕರು. ಆ ನಗು ನೆನಪಾದರೆ ಇವತ್ತಿಗೂ ನನ್ನ ಕೈ ಬಿಸಿಯಾಗುತ್ತದೆ.

ಕೇಳಿದ್ದು ಎರಡು ಸಪ್ಪಳ. ಮೊದಲನೆಯದು ಕಬ್ಬಿಣ ಕಲ್ಲಿಗೆ ತಾಗಿದ್ದು. ಎರಡನೆಯದು ಗುಂಡಿನದು. ನಡುವೆ ಅಂತರ ಇತ್ತೋ ಇಲ್ಲವೋ ಎನ್ನುವಷ್ಟು ಕಡಿಮೆ. ಆದರೆ ಕಲ್ಲಿನ ಸಪ್ಪಳವೇ ಮೊದಲು. ಇಷ್ಟನ್ನು ಮಾತ್ರ ನಾನು ಎಂದೂ ಬದಲಿಸಿ ಹೇಳಿಲ್ಲ.

ಎಪ್ಪತ್ತರ ದಶಕದ ನಡುವಿನ ವರ್ಷಗಳವು. ನಾನು ಜಿಲ್ಲೆಯ ಸಶಸ್ತ್ರ ಪೊಲೀಸರ ಆಯುಧಾಗಾರದಲ್ಲಿ ಆರ್ಮರರ್ ಆಗಿದ್ದೆ, ಅಂದರೆ ಬಂದೂಕು ರಿಪೇರಿ ಮಾಡುವವನು. ಎಲ್ಲರೂ ‘ಮಿಸ್ತ್ರಿ’ ಎಂದೇ ಕರೆಯುತ್ತಿದ್ದರು. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ, ಈ ನಾಲ್ಕು ತಾಲೂಕುಗಳ ಠಾಣೆಗಳಲ್ಲೂ ಖಜಾನೆ ಪಹರೆಗಳಲ್ಲೂ ಇದ್ದ ಆಯುಧಗಳನ್ನು ಸರದಿಯಂತೆ ನೋಡಿ ಬರುವುದು ನನ್ನ ಪಾಲಿಗಿತ್ತು. ನಾನು ಹೇಳಲಿರುವುದು ಈ ನಾಲ್ಕರಲ್ಲಿ ಒಂದು ಊರಿನಲ್ಲಿ ನಡೆಯಿತು. ಯಾವ ಊರೆಂದು ಬರೆಯುವುದಿಲ್ಲ. ಗುಂಡು ತಗುಲಿದವನಿಗೂ ಗುಂಡು ಹೊಡೆದನೆಂಬ ಆರೋಪ ಹೊತ್ತವನಿಗೂ ಮಕ್ಕಳು ಮೊಮ್ಮಕ್ಕಳಿದ್ದಾರೆ. ಗಾರ್ಡಿನಲ್ಲಿ ಒಬ್ಬರನ್ನೊಬ್ಬರು ಹುಟ್ಟೂರಿನಿಂದ ಕರೆಯುವ ರೂಢಿಯಿತ್ತು. ಇಲ್ಲಿಯೂ ಹಾಗೆಯೇ ಕರೆಯುತ್ತೇನೆ. ಗುಂಡು ತಗುಲಿದವನು ತಾಂಬಾದವ. ಆರೋಪ ಹೊತ್ತವನು ಅಗರಖೇಡದವ. ಅವರಿಬ್ಬರ ಮೇಲಿದ್ದ ಗಾರ್ಡ್ ಹವಾಲ್ದಾರ ಗೊಳಸಂಗಿಯವರು.

ಇದೆಲ್ಲ ಶುರುವಾದದ್ದು ಒಂದು ಹೋಲಿಕೆಯಿಂದ. ಹೊಸದಾಗಿ ಬಂದ ಡಿವೈಎಸ್ಪಿ ಸಾಹೇಬರಿಗೆ ನಮ್ಮ ಹಳೆಯ ತ್ರೀ-ನಾಟ್-ತ್ರೀ ರೈಫಲ್ಲುಗಳನ್ನು ಕಂಡರೆ ಆಗುತ್ತಿರಲಿಲ್ಲ. ಎರಡು ಮಹಾಯುದ್ಧ ಮುಗಿಸಿಕೊಂಡು ಬಂದ ಬಂದೂಕುಗಳವು. ಮರದ ಮೈ, ಹಿತ್ತಾಳೆಯ ಹಿಮ್ಮಡಿ, ಎತ್ತಿದರೆ ಭುಜ ಜಗ್ಗುವ ತೂಕ. ಭೀಮಾ ದಂಡೆಯ ಕಡೆ ದರೋಡೆಯಾದಾಗಲೆಲ್ಲ ಅವರು ಮೇಜು ಗುದ್ದುತ್ತಿದ್ದರು. “ಕಳ್ಳರು ಮೋಟಾರ್‌ಸೈಕಲ್ ಮ್ಯಾಲ ಬರ್ತಾರ. ನಮ್ಮವರು ಅಜ್ಜಾನ ಕಾಲದ ಬಂದೂಕು ಹೊತ್ಕೊಂಡ ನಿಂತಿರ್ತಾರ. ಎಲ್ಲಾ ಗಾರ್ಡಿಗೂ ಸ್ಟೆನ್ ಕೊಡ್ರಿ.” ಸ್ಟೆನ್ ಅಂದರೆ ಯುದ್ಧಕಾಲದಲ್ಲಿ ಅವಸರದಿಂದ ತಯಾರಾದ ಸಣ್ಣ ಮಷಿನ್‌ಗನ್. ಉಗ್ರಾಣದಲ್ಲಿ ಅವು ಸುಮ್ಮನೆ ಬಿದ್ದಿದ್ದವು. ಎರಡನ್ನೂ ಪರೀಕ್ಷಿಸಿ ಯಾವುದು ಮೇಲೆಂದು ವರದಿ ಕೊಡು ಎಂದು ನನಗೆ ಹೇಳಿದರು.

ಊರ ಹೊರಗಿನ ಕಲ್ಲುಖಣಿಯೊಂದರಲ್ಲಿ ನಾನು ಪರೀಕ್ಷೆ ಮಾಡಿದೆ. ಸ್ಟೆನ್‌ಗೆ ಅನ್ಯಾಯ ಮಾಡಬಾರದೆಂದು ಮೊದಲು ಅದನ್ನೇ ಎತ್ತಿಕೊಂಡೆ. ಹತ್ತಿರದ ಗುರಿಗೆ ಅದರಷ್ಟು ಚುರುಕಾದದ್ದು ಇಲ್ಲ. ರೈಫಲ್ಲಿನಿಂದ ಒಂದು ಗುಂಡು ಹೊಡೆದು, ಬೋಲ್ಟಿನ ಹಿಡಿಕೆ ಎತ್ತಿ, ಹಿಂದಕ್ಕೆಳೆದು, ಮುಂದೆ ನೂಕಿ, ಕೆಳಗೊತ್ತುವಷ್ಟರಲ್ಲಿ ಸ್ಟೆನ್ ಅರ್ಧ ಮ್ಯಾಗಜೀನ್ ಉಗುಳಿರುತ್ತದೆ. ಚಿಕ್ಕದು, ಹಗುರ. ಜೀಪಿನಲ್ಲಿ ಮೊಣಕಾಲ ಮೇಲೆ ಇಟ್ಟುಕೊಂಡು ಕೂರಬಹುದು. ರೈಫಲ್ ಹಿಡಿದು ಜೀಪ್ ಹತ್ತುವವನು ಹಿಂದೆ ಕೂತವನ ಟೋಪಿ ಉರುಳಿಸದೆ ಹತ್ತಲಾರ. ನಮ್ಮ ಕಡೆಯ ಕರಿಮಣ್ಣಿನ ಧೂಳು ಎರಡರ ಮೇಲೂ ಸುರಿದು ನೋಡಿದೆ. ರೈಫಲ್ಲಿನ ಬೋಲ್ಟು ಗರಗರ ಎಂದಿತು, ಬಿಗಿಯಾಯಿತು, ಆದರೂ ಕೆಲಸ ನಿಲ್ಲಿಸಲಿಲ್ಲ. ಸ್ಟೆನ್ನಿನ ಬೋಲ್ಟಿಗೆ ಏನೂ ಆಗಲಿಲ್ಲ, ಅದರ ಮ್ಯಾಗಜೀನ್ ಕೈಕೊಟ್ಟಿತು. ಗುಂಡನ್ನು ಮೇಲೆತ್ತಿ ಹಿಡಿಯುವ ಅದರ ತಗಡಿನ ತುಟಿ ಕೂದಲೆಳೆಯಷ್ಟು ಬಗ್ಗಿದರೂ ಗುಂಡು ಅಡ್ಡ ಸಿಕ್ಕಿಕೊಳ್ಳುತ್ತದೆ. ಇನ್ನು ದೂರದ ಗುರಿ. ಖಣಿಯ ಆಚೆ ದಂಡೆಯಲ್ಲಿಟ್ಟ ಡಬ್ಬಿಗೆ ರೈಫಲ್ ಕೂತಲ್ಲಿಂದಲೇ ಹೊಡೆಯಿತು. ಸ್ಟೆನ್ನಿನ ಗುಂಡುಗಳು ಡಬ್ಬಿಯ ಸುತ್ತಲಿನ ಮಣ್ಣೆಲ್ಲ ಎಬ್ಬಿಸಿದವು, ಡಬ್ಬಿ ಮಾತ್ರ ಅಲ್ಲೇ ಇತ್ತು.

ಆದರೆ ಇವೆಲ್ಲಕ್ಕಿಂತ ದೊಡ್ಡ ವ್ಯತ್ಯಾಸ ಒಳಗಿತ್ತು. ರೈಫಲ್ಲಿನಲ್ಲಿ ಗುಂಡನ್ನು ನಳಿಗೆಗೆ ಸೇರಿಸುವುದು ಒಂದು ಕೆಲಸ, ಹಾರಿಸುವುದು ಇನ್ನೊಂದು ಕೆಲಸ. ಎರಡನ್ನೂ ಮನುಷ್ಯನ ಕೈಯೇ ಮಾಡಬೇಕು. ಪಹರೆಯ ರೈಫಲ್ಲಿನ ಮ್ಯಾಗಜೀನಿನಲ್ಲಿ ಗುಂಡಿರುತ್ತದೆ, ನಳಿಗೆ ಖಾಲಿಯಿರುತ್ತದೆ. ಅದನ್ನು ಬಾವಿಗೆ ಎಸೆದರೂ ಹಾರುವುದಿಲ್ಲ. ಸ್ಟೆನ್ ಹಾಗಲ್ಲ. ಒಂದು ಕೊಳವೆ, ಅದರೊಳಗೆ ಭಾರವಾದ ಕಬ್ಬಿಣದ ಬೋಲ್ಟು, ಬೋಲ್ಟಿನ ಹಿಂದೆ ಸ್ಪ್ರಿಂಗು. ಬೋಲ್ಟನ್ನು ಹಿಂದಕ್ಕೆಳೆದರೆ ಒಂದು ಕೊಕ್ಕೆಗೆ ಸಿಕ್ಕಿ ನಿಲ್ಲುತ್ತದೆ. ಟ್ರಿಗರ್ ಒತ್ತಿದರೆ ಕೊಕ್ಕೆ ಬಿಡುತ್ತದೆ. ಬೋಲ್ಟು ಮುಂದೆ ನುಗ್ಗುತ್ತ ದಾರಿಯಲ್ಲಿ ಒಂದು ಗುಂಡನ್ನು ನಳಿಗೆಗೆ ತಳ್ಳಿ, ಅದೇ ಓಟದಲ್ಲಿ ಹಾರಿಸಿಬಿಡುತ್ತದೆ. ಸೇರಿಸುವುದೂ ಹಾರಿಸುವುದೂ ಒಂದೇ ಕೆಲಸ. ಮ್ಯಾಗಜೀನ್ ಹಾಕಿದ ಸ್ಟೆನ್ ಕೆಳಗೆ ಬಿದ್ದರೆ ಕೊಳವೆ ನಿಲ್ಲುತ್ತದೆ, ಒಳಗಿನ ಬೋಲ್ಟು ತನ್ನ ಭಾರಕ್ಕೆ ಹಿಂದೆ ಜಾರುತ್ತದೆ. ಕೊಕ್ಕೆಯ ತನಕ ಹೋಗದೆ, ಗುಂಡಿನ ಹಿಂದಕ್ಕಷ್ಟೇ ಹೋಗಿ ಮರಳಿದರೂ ಸಾಕು, ಗುಂಡು ಹಾರುತ್ತದೆ. ಟ್ರಿಗರಿಗೂ ಅದಕ್ಕೂ ಸಂಬಂಧವೇ ಇಲ್ಲ. ಆಮೇಲಿನ ಮಾದರಿಗಳಲ್ಲಿ ಬೋಲ್ಟನ್ನು ಮುಂದೆಯೇ ಬಂಧಿಸಿಡಲು ಒಂದು ತೂತು ಕೊರೆದಿದ್ದರು. ನಮ್ಮಲ್ಲಿದ್ದವು ಹಳೆಯವು.

ವರದಿಯಲ್ಲಿ ಇದನ್ನೆಲ್ಲ ಬರೆದೆ. ರೈಫಲ್ ಪಹರೆಗೆ ಇರಲಿ, ಸ್ಟೆನ್ ಜೀಪಿಗೆ ಇರಲಿ ಎಂದೆ. ನಿಂತಲ್ಲೇ ನಿಲ್ಲುವವನ ಕೈಯಲ್ಲಿ ಕೇಳುವ ತನಕ ಸುಮ್ಮನಿರುವ ಆಯುಧ ಇರಬೇಕು, ಅದು ನನ್ನ ಅಭಿಪ್ರಾಯವಾಗಿತ್ತು. ಸಾಹೇಬರು ಓದಿದರು.

“ಕೆಳಗ ಬಿದ್ರ ಹಾರ್ತೈತಿ ಅಂತ ಬರದೀಯಲ್ಲ, ಪೊಲೀಸನ ಕೈಯಾಗಿನ ಹತ್ಯಾರ ಕೆಳಗ ಯಾಕ ಬೀಳ್ತೈತೋ?”

“ಮನುಷಾ ಅಂದಮ್ಯಾಲ ಒಂದೊಂದ ಸಲ ಕೈ ಜಾರ್ತೈತ್ರಿ ಸಾಹೇಬ್ರ.”

“ಜಾರಿದಾಂವನ್ನ ಮನಿಗೆ ಕಳಸ್ತೇನಿ. ನೀ ತುಕ್ಕು ತಿಕ್ಕು ಹೋಗು ಮಿಸ್ತ್ರಿ.”

ಮಳೆಗಾಲದ ಹೊತ್ತಿಗೆ ನಾಲ್ಕೂ ತಾಲೂಕುಗಳ ಖಜಾನೆ ಪಹರೆಗೆ ಸ್ಟೆನ್ ಬಂದವು. ಸದಾ ಮ್ಯಾಗಜೀನ್ ಹಾಕಿಯೇ ಇರಬೇಕೆಂಬ ಆದೇಶವೂ ಬಂತು. ಕಳ್ಳ ನೋಡಿದರೇ ಹೆದರಬೇಕು, ಸಾಹೇಬರ ಮಾತು.

ಈಗ ಗೊಳಸಂಗಿ ಹವಾಲ್ದಾರರ ಬಗ್ಗೆ ಹೇಳಬೇಕು. ಅವರ ಗಾರ್ಡಿನ ಕವಾಯತು ಜಿಲ್ಲೆಗೇ ಹೆಸರಾಗಿತ್ತು. ಪಹರೆ ಬದಲಾಗುವಾಗ ಅವರು ‘ಬಾಜೂ ಶಸ್ತ್ರ’ ಎಂದು ಕೂಗಿದರೆ, ಭುಜದ ಮೇಲಿನ ರೈಫಲ್ ಇಳಿದು ಅದರ ಹಿತ್ತಾಳೆಯ ಹಿಮ್ಮಡಿ ನೆಲಕ್ಕೆ ಹಾಸಿದ ಪರ್ಸಿಗಲ್ಲಿಗೆ ಬಡಿದು ಠಣ್ಣೆನ್ನಬೇಕು. ಆ ಸಪ್ಪಳ ಎದುರಿನ ಚಹಾದಂಗಡಿ ದಾಟಿ ಬಜಾರಿಗೆ ಕೇಳಬೇಕು. ಕೇಳದಿದ್ದರೆ ಮತ್ತೊಮ್ಮೆ ಮಾಡಿಸುತ್ತಿದ್ದರು. ‘ಗಾರ್ಡ್ ಬದ್ಲಾತು, ಅಂಗಡಿ ತಗೀರಿ’ ಎಂದು ವ್ಯಾಪಾರಿಗಳು ಹೇಳುವಷ್ಟು ಅದು ಊರಿಗೆ ರೂಢಿಯಾಗಿತ್ತು. ವರ್ಷಗಟ್ಟಲೆ ಹಿತ್ತಾಳೆ ಬಡಿದು ಬಡಿದು, ಪಹರೆಯ ಸಂತ್ರಿ ನಿಲ್ಲುವ ಪರ್ಸಿಯಲ್ಲಿ ಅಂಗೈಯಗಲ ಕುಳಿ ಬಿದ್ದಿತ್ತು. ಹವಾಲ್ದಾರರು ಆ ಕುಳಿಯನ್ನು ಬಂದವರಿಗೆ ತೋರಿಸುತ್ತಿದ್ದರು.

ಸ್ಟೆನ್ ಬಂತು. ಕವಾಯತು ಬದಲಾಗಲಿಲ್ಲ.

ಆ ದಿನ ನಾನು ತಪಾಸಣೆಗೆ ಹೋಗಿದ್ದೆ. ಗಾರ್ಡ್ ಕೋಣೆಯಲ್ಲಿ ಬಾಗಿಲಿಗೆ ಬೆನ್ನು ಮಾಡಿ ಕೂತು ಒಂದು ರೈಫಲ್ಲಿನ ಬೋಲ್ಟಿಗೆ ಎಣ್ಣೆ ಹಚ್ಚುತ್ತಿದ್ದೆ. ನಾಗರ ಪಂಚಮಿ ಹತ್ತಿರವಿತ್ತು. ಅಗರಖೇಡದವನಿಗೂ ತಾಂಬಾದವನಿಗೂ ಇಬ್ಬರಿಗೂ ತಂಗಿಯನ್ನು ಗಂಡನ ಮನೆಯಿಂದ ಹಬ್ಬಕ್ಕೆ ಕರೆತರಲು ರಜೆ ಬೇಕಿತ್ತು. ರಜೆ ಸಿಕ್ಕಿದ್ದು ತಾಂಬಾದವನಿಗೆ. ಹಿಂದಿನ ದಿನ ಚಹಾದಂಗಡಿಯ ಮುಂದೆ ಇಬ್ಬರೂ ಜಗಳಾಡಿದ್ದರು. “ನಿನ್ನ ನೋಡ್ಕೋತೇನಿ ಮಗನ” ಎಂದು ಅಗರಖೇಡದವ ಕೂಗಿದ್ದನ್ನು ಅರ್ಧ ಬಜಾರೇ ಕೇಳಿತ್ತು. ಇದು ನನಗೆ ಗೊತ್ತಾದದ್ದು ಆಮೇಲೆ.

ಪಹರೆ ಬದಲಾಗುವ ಹೊತ್ತು, ಹೊರಗೆ ಅವರಿಬ್ಬರೂ ಎದುರುಬದುರು. ಹವಾಲ್ದಾರರ ಕೂಗು ಕೇಳಿತು. ಕಲ್ಲಿನ ಸಪ್ಪಳ. ಗುಂಡು.

ತಿರುಗಿ ಹೊರಗೋಡಿದೆ. ತಾಂಬಾದವ ಗೋಡೆಗೆ ಒರಗಿ ಜಾರುತ್ತಿದ್ದ. ಬಲ ಕಂಕುಳಿನ ಕೆಳಗಿನಿಂದ ರಕ್ತ ಬರುತ್ತಿತ್ತು. ಅಗರಖೇಡದವ ಅರ್ಧ ಬಗ್ಗಿದವನು ಹಾಗೇ ನಿಂತಿದ್ದ. ಒಂದು ಕೈ ಸ್ಟೆನ್ನಿನ ಕುತ್ತಿಗೆಯ ಮೇಲಿತ್ತು. ಇನ್ನೊಂದು ಗಾಳಿಯಲ್ಲಿತ್ತು. ಗುಂಡು ತಾಂಬಾದವನ ಭುಜದ ಮೇಲಿಂದ ಹೊರಬಿದ್ದು ಪಡಸಾಲೆಯ ತೊಲೆಯಲ್ಲಿ ಕೂತಿತ್ತು. ನಾನು ಹೆಗಲ ಮೇಲಿನ ಟವೆಲು ಹರಿದು ಗಾಯಕ್ಕೆ ಒತ್ತಿ ಹಿಡಿದೆ. ಬಿಸಿಯಾಗಿತ್ತು. ಅವನು ನನ್ನ ಮುಖ ನೋಡಿ ಅಂದ:

“ಅಂವ ಹೊಡದಾ, ಮಿಸ್ತ್ರಿ ಕಾಕಾ. ಖರೇನ ಹೊಡದಾ ನೋಡ್ರಿ.”

ಜೀವ ಉಳಿಯಿತು. ಬಲಗೈ ಮಾತ್ರ ಉಳಿದೂ ಉಳಿಯಲಿಲ್ಲ, ಬೆರಳುಗಳು ಸತ್ತವು. ಆಸ್ಪತ್ರೆಯಲ್ಲೂ ಅವನು ಅದನ್ನೇ ಹೇಳಿಕೆ ಕೊಟ್ಟ. ಅಗರಖೇಡದವ ಬಗ್ಗಿದ, ಬಂದೂಕಿನ ಬಾಯಿ ನನ್ನ ಕಡೆ ತಿರುಗಿತು, ಹೊಡೆದ. ಅಗರಖೇಡದವನನ್ನು ಕೊಲೆಯತ್ನದ ಆರೋಪದ ಮೇಲೆ ಒಳಗೆ ಹಾಕಿದರು. ಎರಡು ತಿಂಗಳ ಹಿಂದೆಯಷ್ಟೇ ಅವನ ಹೆಂಡತಿ ಹೆತ್ತಿದ್ದಳು.

ವಿಚಾರಣೆ ಯಾರಿಗೆ ಕೊಟ್ಟರು? ಸ್ಟೆನ್ ಹಂಚಿಸಿದ ಸಾಹೇಬರಿಗೇ. ನನಗೆ ಕೇಳಿದ ಪ್ರಶ್ನೆ ಒಂದೇ ಒಂದು: ಹತ್ಯಾರ ಸುಸ್ಥಿತಿಯಲ್ಲಿದೆಯೆ?

ಬಿಚ್ಚಿ ನೋಡಿದೆ. ಬೋಲ್ಟು ಸರಿ, ಸ್ಪ್ರಿಂಗು ಸರಿ, ಕೊಕ್ಕೆ ಸರಿ, ಟ್ರಿಗರ್ ಸರಿ. ಮುರಿದದ್ದಿಲ್ಲ, ಸವೆದದ್ದಿಲ್ಲ. ಹೌದು, ಸುಸ್ಥಿತಿಯಲ್ಲಿತ್ತು. ಆ ಸ್ಟೆನ್ ಹುಟ್ಟಿದ್ದೇ ಹಾಗೆ. ಅದು ಸುಸ್ಥಿತಿಯಲ್ಲಿದ್ದುದರಿಂದಲೇ ಹಾರಿತ್ತು. ನಾನು ‘ಹೌದು’ ಎಂದೊಂದು ಸತ್ಯವಾದ ಪದ ಬರೆದರೆ ಸಾಕಿತ್ತು. ಹತ್ಯಾರದಲ್ಲಿ ದೋಷವಿಲ್ಲ, ಹಾಗಾದರೆ ಬೆರಳಿನದೇ ದೋಷ ಎಂದು ಅಗರಖೇಡದವ ಜೈಲಿಗೆ ಹೋಗುತ್ತಿದ್ದ. ಅಷ್ಟು ಅಚ್ಚುಕಟ್ಟಾಗಿ ಕೇಳಿದ ಪ್ರಶ್ನೆಯನ್ನು ನಾನು ನನ್ನ ನೌಕರಿಯಲ್ಲಿ ಮತ್ತೆ ಕಂಡಿಲ್ಲ.

ನಾನು ಆ ಪದ ಬರೆಯುವ ಮೊದಲು ಸ್ಥಳಕ್ಕೆ ಹೋದೆ. ತೊಲೆಯಲ್ಲಿನ ತೂತಿನಿಂದ ದಾರ ಕಟ್ಟಿ, ತಾಂಬಾದವನಷ್ಟೇ ಎತ್ತರದ ಒಬ್ಬನನ್ನು ಅವನು ನಿಂತಲ್ಲಿ ನಿಲ್ಲಿಸಿ, ಅವನ ಭುಜದ ಮೇಲಿಂದ ಕಂಕುಳಿನ ಪಕ್ಕಕ್ಕೆ ದಾರ ಎಳೆದೆ. ಅದು ನೆಟ್ಟಗೆ ಕೆಳಗೆ ಇಳಿದು ಪರ್ಸಿಯ ಕುಳಿಗೆ ಹೋಯಿತು. ಆಗ ನನಗೆ ಎಲ್ಲ ಹೊಳೆಯಿತು. ರೈಫಲ್ ಉದ್ದ. ನಿಂತವನು ನೆಟ್ಟಗೆ ನಿಂತೇ ಊರುತ್ತಾನೆ, ಬಾಯಿ ಆಕಾಶ ನೋಡುತ್ತದೆ. ಸ್ಟೆನ್ ಗಿಡ್ಡ. ಅದನ್ನು ಕಲ್ಲಿಗೆ ಮುಟ್ಟಿಸಬೇಕಾದರೆ ಬಗ್ಗಬೇಕು. ಬಗ್ಗಿದರೆ ಬಾಯಿ ಮುಂದೆ ವಾಲಿ ಎದುರಿನವನ ಎದೆ ನೋಡುತ್ತದೆ. ಹವಾಲ್ದಾರರು ಆ ಗಿಡ್ಡ ಬಂದೂಕನ್ನೂ ರೈಫಲ್ಲಿನಂತೆಯೇ ಪರ್ಸಿಗೆ ಬಡಿಸುತ್ತಿದ್ದರು. ಹಿತ್ತಾಳೆ ಹೊದಿಸಿದ ಮರದ ಹಿಮ್ಮಡಿಯಲ್ಲ, ಬರಿಯ ಉಕ್ಕಿನ ಕೊಳವೆ. ಅದೂ ಮ್ಯಾಗಜೀನ್ ಹಾಕಿ. ಕೆಳಗೆ ಬಿದ್ದರೆ ಎಂದು ನಾನು ಬರೆದಿದ್ದೆ. ಬೇಕೆಂದೇ ಬಡಿಯುತ್ತಾರೆಂದು ನನಗೂ ಹೊಳೆದಿರಲಿಲ್ಲ, ಯಾರಿಗೂ ಹೊಳೆದಿರಲಿಲ್ಲ. ರೈಫಲ್ಲಿನ ಜೊತೆ ಬದುಕಿದವರಿಗೆ ಆ ಬಡಿತ ಉಸಿರಾಟದಷ್ಟು ಸಹಜ.

ಸಾಹೇಬರು ದಾರ ನೋಡಿದರು. “ಬಗ್ಗಿ ಟ್ರಿಗರ್ ಒತ್ತಿರಬೇಕು. ದಾರ ಅದನ್ನೂ ಹೇಳ್ತೈತೇನು?”

“ನಾ ಸಪ್ಪಳ ಕೇಳೇನ್ರಿ. ಕಲ್ಲಿಂದು ಮೊದ್ಲ ಬಂತು.”

“ಕಣ್ಣಿಲೆ ನೋಡೀಯೇನು?”

“ಇಲ್ರಿ.”

“ಹಂಗಾದ್ರ ನೀ ಎಂಥಾ ಸಾಕ್ಷಿನೋ ಮಿಸ್ತ್ರಿ?” ಪಕ್ಕದಲ್ಲಿದ್ದವರೂ ನಕ್ಕರು.

ಬಡಿದು ತೋರಿಸುತ್ತೇನೆಂದೆ. ಆಯುಧಾಗಾರದಲ್ಲೇ ತೋರಿಸು ಎಂದರು. ಗುಂಡುಗಳ ಸೀಸ ಕಿತ್ತು, ಮದ್ದು ಸುರಿದು, ಸೀಸ ಮರಳಿ ಕೂರಿಸಿದೆ. ಕೆಳಗಿನ ಕ್ಯಾಪು ಮಾತ್ರ ಜೀವಂತ. ಹಾರಿದರೆ ಪಟ್ಟೆನ್ನುತ್ತದೆ, ಸೀಸ ನಳಿಗೆಯಲ್ಲೇ ಸಿಕ್ಕಿಕೊಳ್ಳುತ್ತದೆ, ಅಷ್ಟೆ. ಆದರೂ ಬಾಯಿಯನ್ನು ಗೋಡೆಯ ಕಡೆಗೇ ಇಟ್ಟು ಬಡಿದೆ. ಹಾರಲಿಲ್ಲ. ಮತ್ತೆ ಬಡಿದೆ. ಹಾರಲಿಲ್ಲ. ಸಾಹೇಬರು ಗಡಿಯಾರ ನೋಡಿಕೊಂಡು ಎದ್ದರು. “ಹತ್ಯಾರ ಸುಸ್ಥಿತಿಯೊಳಗೈತಿ ಅಂತ ಬರದು ಸಹಿ ಮಾಡು. ನಾಟಕ ಸಾಕು.”

ಅವರು ಹೋದ ಮೇಲೆ ಕಾಲ ಕೆಳಗೆ ನೋಡಿದೆ. ಆಯುಧಾಗಾರದ ನೆಲಕ್ಕೆ ಹಲಗೆ ಹಾಸಿತ್ತು. ಹಲಗೆ ಏಟನ್ನು ನುಂಗಿಕೊಳ್ಳುತ್ತದೆ.

ಅಷ್ಟನ್ನೇ ಬರೆದು ಸಹಿ ಮಾಡಲಿಲ್ಲ. ಸುಸ್ಥಿತಿಯಲ್ಲಿದೆ ಎಂದು ಬರೆದು, ಅದರ ಕೆಳಗೇ, ‘ಸುಸ್ಥಿತಿಯಲ್ಲಿರುವ ಈ ಹತ್ಯಾರ ಟ್ರಿಗರ್ ಒತ್ತದೆಯೂ ಹಾರಬಲ್ಲದು’ ಎಂದು ಸೇರಿಸಿ ಕೊಟ್ಟೆ. ಕಾಗದ ಹಿಂದಕ್ಕೆ ಬಂತು. ಎರಡನೆಯ ಸಾಲು ತೆಗೆದು ಕೊಡಬೇಕಂತೆ. ಅದನ್ನೇ ಮತ್ತೆ ಬರೆದು ಕೊಟ್ಟೆ. ಆಗ ಸಾಹೇಬರು ಕರೆಸಿ, ನಿಲ್ಲಿಸಿಯೇ ಮಾತಾಡಿದರು. “ನಿನಗೂ ಹೆಂಡ್ರು ಮಕ್ಕಳು ಅದಾರಿಲ್ಲೋ?” ಅದಾರ್ರೀ ಎಂದೆ. “ಬೆಳಗಾವಿ ಆಚೆ ಕಾಡಿನ್ಯಾಗ ಒಂದ ಠಾಣೆ ಐತಿ. ಅಲ್ಲಿ ಬಂದೂಕಿಗೆ ಬಾಳ ತುಕ್ಕು ಹಿಡೀತೈತಂತ.” ಅವರು ಬೈದಿದ್ದರೆ ಇಷ್ಟು ಸಿಟ್ಟು ಬರುತ್ತಿರಲಿಲ್ಲ. ಅವರಿಗೆ ಗೊತ್ತಿತ್ತು. ನನ್ನ ವರದಿಯನ್ನು ಅವರು ಓದಿದ್ದರು, ಅದರ ಪ್ರತಿ ಅವರ ಕಪಾಟಿನಲ್ಲೇ ಇತ್ತು. ಗೊತ್ತಿದ್ದೇ ಒಬ್ಬ ಬಾಣಂತಿಯ ಗಂಡನನ್ನು ಜೈಲಿಗೆ ಕಳಿಸುತ್ತಿದ್ದರು. ಹತ್ಯಾರದ ತಪ್ಪು ಎಂದಾದರೆ, ಹಂಚಿದವರು ಯಾರು ಎಂಬ ಪ್ರಶ್ನೆ ಬರುತ್ತಿತ್ತು.

ಇನ್ನು ಉಳಿದದ್ದು ತಾಂಬಾದವನ ಹೇಳಿಕೆ. ಇಡೀ ಕೇಸು ಅದರ ಮೇಲೆ ನಿಂತಿತ್ತು. ಆಸ್ಪತ್ರೆಗೆ ಹೋಗಿ ಅವನ ಮಂಚದ ಪಕ್ಕ ಕೂತು, ಬೋಲ್ಟು, ಸ್ಪ್ರಿಂಗು, ಕಲ್ಲು ಎಲ್ಲ ಬಿಡಿಸಿ ಹೇಳಿದೆ. ಅವನು ಸೂರು ನೋಡುತ್ತ ಕೇಳಿದ.

“ತಾನ ಹಾರಾಕ ಅದೇನ ಗುಬ್ಬಿ ಏನ್ರಿ ಕಾಕಾ? ಇಷ್ಟ ವರ್ಷ ರೈಫಲ್ ಬಡದೇವಿ. ಒಂದಿನಾ ಹಾರಿತ್ತೇನು?”

“ರೈಫಲ್ ಬ್ಯಾರೆ, ಇದು ಬ್ಯಾರೆ ತಮ್ಮಾ.”

“ಅಂವ ನನ್ನ ಕಡೆ ಬಗ್ಗಿದ್ದು ನಾ ನೋಡೇನಿ. ನೋಡ್ಕೋತೇನಿ ಅಂದಿದ್ದಾ. ನೋಡ್ಕೊಂಡಾ. ನೀವು ಎದ್ದು ಹೋಗ್ರಿ.”

ಎದ್ದು ಬಂದೆ. ಅವನ ಮೇಲೆ ಸಿಟ್ಟು ಬರಲಿಲ್ಲ. ಅವನು ಕಲಿತದ್ದು ರೈಫಲ್. ಅದರ ಲೋಕದಲ್ಲಿ ಬೆರಳಿಲ್ಲದೆ ಗುಂಡಿಲ್ಲ. ಬೇರೊಂದು ಬಂದೂಕು ಕೈಗೆ ಕೊಟ್ಟವರು ಅದರ ಗುಣ ಹೇಳಿಕೊಡಲಿಲ್ಲ.

ಗೊಳಸಂಗಿ ಹವಾಲ್ದಾರರನ್ನು ಹಿಡಿದೆ. ಅವರು ಹೇಳಿಕೆಯಲ್ಲಿ, ಸ್ಟೆನ್ನನ್ನು ಕಲ್ಲಿಗೆ ಬಡಿಸುವ ಕವಾಯತು ನಮ್ಮ ಗಾರ್ಡಿನಲ್ಲಿಲ್ಲ, ಮೆಲ್ಲಗೆ ಊರುತ್ತೇವೆ ಎಂದು ಬರೆಸಿದ್ದರು. “ನನ್ನ ಪಟ್ಟಿ ಹೋಗ್ತೈತೋ ಮಿಸ್ತ್ರಿ,” ಎಂದರು, ತೋಳಿನ ಮೇಲಿನ ಮೂರು ಪಟ್ಟಿ ಮುಟ್ಟಿಕೊಂಡು. “ಬಾಯಿ ಮುಚ್ಕೊಂಡ ಇರು. ನಾವೂ ಬದಕೂನು.”

ಆ ವಾರ ನಾನು ನಿರ್ಧಾರ ಮಾಡಿದೆ. ಅಪ್ಪಣೆ ಕೇಳುವುದು ಬಿಟ್ಟೆ. ಆಸ್ಪತ್ರೆಯಿಂದ ಬಿಡುಗಡೆಯಾದ ತಾಂಬಾದವ ತನ್ನ ಟ್ರಂಕು ತೆಗೆದುಕೊಳ್ಳಲು ಗಾರ್ಡಿಗೆ ಬರುವನೆಂದು ತಿಳಿಯಿತು. ತಪಾಸಣೆಯ ನೆಪದಲ್ಲಿ ನಾನೂ ಅದೇ ದಿನ ಹೋದೆ. ಅದೇ ಮಾದರಿಯ ಇನ್ನೊಂದು ಸ್ಟೆನ್, ಕ್ಯಾಪು ಮಾತ್ರ ಉಳಿಸಿದ ಗುಂಡುಗಳು, ನಳಿಗೆ ಚುಚ್ಚುವ ಸಲಾಕೆ ಜೊತೆಗಿದ್ದವು. ಸಿಕ್ಕಿಬಿದ್ದರೆ ಕೆಲಸ ಹೋಗುತ್ತದೆಂದು ಗೊತ್ತಿತ್ತು.

ಬಿಸಿಲು ಏರಿತ್ತು. ಬಲಗೈ ಜೋಳಿಗೆಯಲ್ಲಿ ಹಾಕಿಕೊಂಡು ತಾಂಬಾದವ ಪಡಸಾಲೆಯ ಕಟ್ಟೆಯ ಮೇಲೆ ಕೂತಿದ್ದ. ಹವಾಲ್ದಾರರು ಬಾಗಿಲಲ್ಲಿ ನಿಂತು ಎಲೆ ಅಡಿಕೆ ಹಾಕುತ್ತಿದ್ದರು. ಗುಂಡಿನೊಳಗೆ ಮದ್ದಿಲ್ಲವೆಂದು ಒಂದನ್ನು ಬಿಚ್ಚಿ ಇಬ್ಬರಿಗೂ ತೋರಿಸಿದೆ. ಮಿಕ್ಕವನ್ನು ಮ್ಯಾಗಜೀನಿಗೆ ತುಂಬಿ, ಬಾಯಿಯನ್ನು ಖಾಲಿ ಗೋಡೆಯ ಕಡೆ ಮಾಡಿ, ಪರ್ಸಿಯ ಕುಳಿಯಲ್ಲಿ ಊರಿದೆ.

ಹಾರಲಿಲ್ಲ. ಮತ್ತೂ ಎರಡು ಸಲ ಊರಿದೆ. ಹಾರಲಿಲ್ಲ.

ತಾಂಬಾದವ ನಕ್ಕ. ಅಂಥ ನಗು ನೋಡುವುದು ಕಷ್ಟ. “ಆತಲ್ರಿ ಕಾಕಾ? ನನ್ನ ಬಸ್ ಹೋಗ್ತೈತಿ.”

ಇನ್ನೊಂದು ಸಲ ಊರಿದೆ. ಆಗ ಬಾಗಿಲಿಂದ ಹವಾಲ್ದಾರರು ಎಲೆ ಉಗುಳಿದರು.

“ಏನೋ ಅದು? ಮುದುಕಿ ಬಡಿಗಿ ಊರ್ಕೊಂತ ಹೊಂಟಂಗ ಊರಾಕತ್ತೀಯಲ್ಲೋ. ಇಷ್ಟ ವರ್ಷ ಪೊಲೀಸನ್ಯಾಗ ಇದ್ದು ಬಾಜೂ ಶಸ್ತ್ರ ಬರೂದಿಲ್ಲ ನಿನಗ?”

“ನೀವ ಮೆಲ್ಲಕ ಊರ್ತೇವಿ ಅಂತ ಬರಸೀರಲ್ರಿ ಹವಾಲ್ದಾರ್ರ.”

“ಬರಸೂದು ಬ್ಯಾರೆ. ನನ್ನ ಗಾರ್ಡಿನ್ಯಾಗ ನಿಂತು ಹಿಂಗ ಮಾಡಿದ್ರ ಮಂದಿ ನಗ್ತಾರ. ತಾ ಇಲ್ಲಿ.”

ಅವರು ನನ್ನ ಕೈಯಿಂದ ಸ್ಟೆನ್ ಕಿತ್ತುಕೊಂಡರು. ಗೋಡೆಯ ಕಡೆ ತಿರುಗಿ ನಿಂತರು. ಬೆನ್ನು ನೆಟ್ಟಗಾಯಿತು, ಗದ್ದ ಮೇಲಾಯಿತು. ತಮ್ಮಷ್ಟಕ್ಕೆ ತಾವೇ ‘ಬಾಜೂ ಶಸ್ತ್ರ’ ಎಂದು ಕೂಗಿದರು. ಭುಜದಿಂದ ಸ್ಟೆನ್ ಇಳಿಯಿತು, ಅವರು ಬಗ್ಗಿದರು, ಉಕ್ಕು ಕುಳಿಗೆ ಬಡಿಯಿತು. ಬಜಾರಿಗೆ ಕೇಳುವಂಥ ಬಡಿತ.

ಠಣ್. ಪಟ್.

ನಳಿಗೆಯ ಬಾಯಿಂದ ಒಂದೆಳೆ ಹೊಗೆ ಬಂತು. ಹವಾಲ್ದಾರರ ಬಲಗೈ ಗಾಳಿಯಲ್ಲಿತ್ತು. ಆ ದಿನ ಅಗರಖೇಡದವನ ಕೈ ಇದ್ದಂತೆಯೇ, ಟ್ರಿಗರಿನಿಂದ ಮೊಳ ದೂರ. ಅವರು ಆ ಕೈಯನ್ನೇ ನೋಡುತ್ತ ನಿಂತರು. ಆಮೇಲೆ ಸ್ಟೆನ್ನನ್ನು ಕಟ್ಟೆಯ ಮೇಲೆ ಮೆಲ್ಲಗೆ, ಬಹಳ ಮೆಲ್ಲಗೆ ಮಲಗಿಸಿದರು.

ನಾನು ಸಲಾಕೆಯಿಂದ ಸಿಕ್ಕಿದ್ದ ಸೀಸ ತಳ್ಳಿ ತೆಗೆದೆ. ತಾಂಬಾದವ ಎದ್ದು ಬಂದ. “ನನಗ ಕೊಡ್ರಿ” ಎಂದ. ಎಡಗೈಯಲ್ಲಿ ಬಡಿದ. ಹಾರಲಿಲ್ಲ. ಹಲ್ಲು ಕಚ್ಚಿ ಮತ್ತೆ ಬಡಿದ. ಹಾರಿತು.

ಅವನು ಕುಕ್ಕರಗಾಲಿನಲ್ಲಿ ಕುಳಿಯ ಪಕ್ಕ ಕೂತುಬಿಟ್ಟ. ಎಡಗೈಯಿಂದ ಆ ಕುಳಿಯನ್ನು ಸವರಿದ.

“ಅಂವ ಒದರಿದ್ದು ಖರೇ ಐತಿ,” ಎಂದ ಕಡೆಗೆ. “ಹೊಡದದ್ದು ಖರೇ ಅಲ್ಲ. ನಾ ಎಲ್ಲಿಗಿ ಹೋಗಿ ಹೇಳಬೇಕ್ರಿ?”

ಅವನು ಆ ಬಸ್ಸು ಹತ್ತಲಿಲ್ಲ. ನೇರ ಮ್ಯಾಜಿಸ್ಟ್ರೇಟರ ಕಚೇರಿಗೆ ಹೋಗಿ ಹೇಳಿಕೆ ಬದಲಿಸಿದ. ಗೊಳಸಂಗಿ ಹವಾಲ್ದಾರರೂ ಹಿಂದೆಯೇ ಹೋದರು. ಹೋಗುವ ಮುನ್ನ ಅಂಗಿಯ ತೋಳು ನೀವಿಕೊಂಡು, “ಹೋದ್ರ ಹೋಗಲಿ ಪಟ್ಟಿ” ಎಂದರು. ನನಗಲ್ಲ, ಗೋಡೆಗೆ.

ಪಟ್ಟಿ ಹೋಯಿತು. ಅಗರಖೇಡದವ ಹೊರಗೆ ಬಂದ. ಅಷ್ಟರಲ್ಲಿ ಅವನ ಮಗುವಿಗೆ ಹಲ್ಲು ಬಂದಿದ್ದವು. ಅವನ ಮುಂದೆ ‘ತಪ್ಪಾಯಿತು’ ಎಂದವರು ಯಾರೂ ಇಲ್ಲ. ಕೈಗೊಂದು ಕಾಗದ ಕೊಟ್ಟು ಡ್ಯೂಟಿಗೆ ಹೋಗು ಎಂದರು. ತಾಂಬಾದವನನ್ನು ಕೈ ಕೆಲಸಕ್ಕೆ ಬಾರದೆಂದು ಮನೆಗೆ ಕಳಿಸಿದರು. ಆಮೇಲೆ ಪ್ರತಿ ಪಂಚಮಿಗೆ ಅವನ ತಂಗಿಯನ್ನು ಗಂಡನ ಮನೆಯಿಂದ ಕರೆತರುತ್ತಿದ್ದವನು ಅಗರಖೇಡದವ ಎಂದು ಕೇಳಿದ್ದೇನೆ. ನನ್ನನ್ನು ಕಾಡಿನ ಠಾಣೆಗೆ ಹಾಕಲಿಲ್ಲ. ಹಾಕಿದ್ದರೆ ಯಾಕೆಂದು ಬರೆಯಬೇಕಾಗುತ್ತಿತ್ತು. ಸಾಹೇಬರ ವರದಿಯಲ್ಲಿ, ಘಟನೆಗೆ ಕಾರಣ ಗಾರ್ಡ್ ಕಮಾಂಡರನ ಅಜಾಗರೂಕ ಕವಾಯತು, ಹತ್ಯಾರ ಸುಸ್ಥಿತಿಯಲ್ಲಿದೆ ಎಂದಿತ್ತು. ಸ್ಟೆನ್ ಪಹರೆಯಲ್ಲೇ ಉಳಿದವು, ಮ್ಯಾಗಜೀನ್ ಸಮೇತ. ಮುಂಜಾಗ್ರತೆಯಾಗಿ ಪ್ರತಿ ಪಹರೆಯಲ್ಲೂ ಸಂತ್ರಿಯ ಕಾಲ ಬಳಿ ಒಂದು ಗೋಣಿತಟ್ಟು ಮಡಿಸಿ ಹಾಸಬೇಕೆಂಬ ಆದೇಶ ಹೊರಟಿತು.

ಗೋಣಿತಟ್ಟು.

ಮುಂದಿನ ಸರದಿಯಲ್ಲಿ ನಾನು ಇನ್ನೊಂದು ತಾಲೂಕಿನ ಪಹರೆಗೆ ಹೋದೆ. ಹೊಸದಾಗಿ ಸೇರಿದ ಕಾನ್‌ಸ್ಟೆಬಲ್ಲೊಬ್ಬ ಸ್ಟೆನ್ ಹಿಡಿದು ನಿಂತಿದ್ದ. ಕಾಲ ಬಳಿ ನಾಲ್ಕು ಮಡಿಕೆಯ ತಟ್ಟು ಇತ್ತು, ಮಾಸಿರಲಿಲ್ಲ. ಬಂದೂಕಿನ ಹಿಮ್ಮಡಿ ಅದರ ಪಕ್ಕದ ಬರಿಗಲ್ಲಿನ ಮೇಲಿತ್ತು. ಅವನು ತಟ್ಟಿನ ಮೇಲೆ ನಿಂತಿದ್ದ.

“ಈ ತಟ್ಟು ಯಾಕ ಹಾಸ್ಯಾರ ತಮ್ಮಾ?” ಎಂದು ಕೇಳಿದೆ.

“ಗೊತ್ತಿಲ್ರಿ. ಕಲ್ಲು ಬಾಳ ಕಾಯ್ತೈತಲ್ರಿ, ಕಾಲು ಸುಡಬಾರ್ದಂತ ಸಾಹೇಬ್ರು ಕೊಟ್ಟಾರಂತ.” ಅವನು ನಿಜವಾಗಿಯೂ ಉಪಕಾರ ನೆನೆಯುವ ದನಿಯಲ್ಲಿ ಹೇಳಿದ. “ಒಳ್ಳೇ ಸಾಹೇಬ್ರು ಅದಾರ್ರಿ.”

ಅವನ ಕೈಯಿಂದ ಸ್ಟೆನ್ ತೆಗೆದುಕೊಂಡು, ಮ್ಯಾಗಜೀನ್ ಕಳಚಿ ಅವನ ಸೊಂಟಪಟ್ಟಿಯ ಚೀಲಕ್ಕೆ ಹಾಕಿದೆ. ಒಳಗಿದ್ದವರನ್ನೆಲ್ಲ ಹೊರಗೆ ಕರೆದೆ. ಗೋಣಿತಟ್ಟನ್ನು ಎತ್ತಿ ಅಂಗಳಕ್ಕೆ ಎಸೆದೆ, ಬರಿಗಲ್ಲಿನ ಮೇಲೆ ಕೂತೆ, ನನ್ನ ಚೀಲದಿಂದ ಮದ್ದಿಲ್ಲದ ಗುಂಡುಗಳನ್ನು ತೆಗೆದೆ.

“ಎಲ್ಲಾರೂ ಗೋಡಿ ಕಡೆ ಬಿಟ್ಟು ಈ ಕಡೆ ಬರ್ರಿ,” ಎಂದೆ. “ನಿಮ್ಮೊಳಗ ಬಾಜೂ ಶಸ್ತ್ರ ಯಾರು ಜೋರ ಮಾಡ್ತೀರಿ?”